ಹೆಸರು ಒಂದೇ, ಜನ ಬೇರೆ



ಈ ವರ್ಷದ ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಹನ್ನೊಂದು ಪತ್ರಿಕೆಗಳಲ್ಲಿ ಒಂದೇ ತಪ್ಪು ನಮ್ಮ ಕಣ್ಣಿಗೆ ಬಿದ್ದಿತು. ‘ಆದಿಕವಿ ಪಂಪನು ಪಂಪ ಭಾರತ, ಪಂಪ ರಾಮಾಯಣ ಎಂಬ ಎರಡು ಕಾವ್ಯಗಳನ್ನು ರಚಿಸಿದನು’ ಎಂದು ಬರೆದಿದ್ದರು. ಹೀಗೆ ಬರೆದವರು ಸೋಮಾರಿಗಳಲ್ಲ. ಪಾಠವನ್ನು ಓದಿಕೊಂಡು ಬಂದವರೇ. ಅದೇ ವಾರ ತಮಿಳು ಅಧ್ಯಾಪಕರು ತಮ್ಮ ಕಟ್ಟಿನಿಂದ ಒಂದು ಪತ್ರಿಕೆಯನ್ನು ತೆಗೆದು ತೋರಿಸಿದರು. ಅದಿಯಮಾನನ ಕೈಯಿಂದ ನೆಲ್ಲಿಕಾಯಿ ಪಡೆದ ಅವ್ವೈಯಾರ್ ಅವರೇ ಮಕ್ಕಳಿಗಾಗಿ ಆತ್ತಿಚೂಡಿಯನ್ನು ಬರೆದರೆಂದು ಅದರಲ್ಲಿತ್ತು. ಭಾಷೆ ಎರಡು, ತಪ್ಪು ಒಂದೇ. ಹೆಸರು ಒಂದಾಗಿರುವುದರಿಂದ ಮನುಷ್ಯರೂ ಒಬ್ಬರೇ ಎಂದು ತಿಳಿದುಬಿಟ್ಟದ್ದೇ ಆ ತಪ್ಪು. ಇದನ್ನು ಕೆಂಪು ಶಾಯಿಯಿಂದ ತಿದ್ದಿದರೆ ಸಾಲದೆಂದು ತೋರಿದ್ದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ಒಂದೇ ಹೆಸರು ಹಲವರಿಗೆ ಇರುವುದು ಏಕೆ? ನಮ್ಮ ಮನೆಗಳಲ್ಲಿಯೇ ಉತ್ತರವಿದೆ. ಮೊಮ್ಮಗನಿಗೆ ತಾತನ ಹೆಸರನ್ನು ಇಡುತ್ತೇವೆ. ಮನೆದೇವರ ಹೆಸರನ್ನು ಅಣ್ಣನ ಮಗನಿಗೂ ತಮ್ಮನ ಮಗನಿಗೂ ಇಡುತ್ತೇವೆ. ಒಂದೇ ಬೀದಿಯಲ್ಲಿ ಒಂದೇ ಹೆಸರಿನವರು ಮೂವರಿದ್ದರೆ ದೊಡ್ಡವನು, ಚಿಕ್ಕವನು, ಮೇಗಲಮನೆಯವನು ಎಂದು ಗುರುತು ಹಚ್ಚಿ ಕರೆಯುತ್ತೇವೆ. ಊರಿನಲ್ಲಿ ಮುಖ ನೋಡಿ ಗುರುತಿಸಬಹುದು. ಆದರೆ ಸಾವಿರ ವರ್ಷದ ಹಿಂದಿನವರ ಮುಖವನ್ನು ನೋಡಿದವರಾರು? ಅವರನ್ನು ಗುರುತಿಸಲು ಬೇರೆ ದಾರಿ ಬೇಕು.

ಮೊದಲು ಪಂಪನ ವಿಷಯವನ್ನು ನೋಡೋಣ. ಆದಿಕವಿ ಪಂಪನು ಹತ್ತನೆಯ ಶತಮಾನದವನು. ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದವನು. ಆದಿಪುರಾಣ ಮತ್ತು ವಿಕ್ರಮಾರ್ಜುನ ವಿಜಯ ಇವೆರಡು ಅವನ ಕೃತಿಗಳು. ಆದಿಪುರಾಣದ ಕಾಲ ಕ್ರಿ.ಶ. 941. ವಿಕ್ರಮಾರ್ಜುನ ವಿಜಯವನ್ನೇ ಪಂಪ ಭಾರತವೆಂದು ಕರೆಯುತ್ತಾರೆ. ಇನ್ನು ಪಂಪ ರಾಮಾಯಣವೆಂದು ಹೆಸರಾಗಿರುವ ಕಾವ್ಯದ ನಿಜವಾದ ಹೆಸರು ರಾಮಚಂದ್ರಚರಿತ ಪುರಾಣ. ಅದನ್ನು ಬರೆದವನು ಸುಮಾರು ಕ್ರಿ.ಶ. 1100ರಲ್ಲಿದ್ದ ನಾಗಚಂದ್ರ. ಅವನು ಪಂಪನ ಮೇಲಿನ ಗೌರವದಿಂದ ತನ್ನನ್ನು ‘ಅಭಿನವ ಪಂಪ’ ಎಂದು ಕರೆದುಕೊಂಡನು. ಅಭಿನವ ಎಂದರೆ ಹೊಸ. ಜನರ ಬಾಯಿಯಲ್ಲಿ ‘ಅಭಿನವ’ ಬಿದ್ದುಹೋಗಿ ‘ಪಂಪ’ ಮಾತ್ರ ಉಳಿಯಿತು. ಇಬ್ಬರೂ ಜೈನರು, ಇಬ್ಬರೂ ಚಂಪೂ ಕವಿಗಳು. ಆದುದರಿಂದ ಗೊಂದಲಕ್ಕೆ ಇನ್ನಷ್ಟು ಅನುಕೂಲವಾಯಿತು. ಹನ್ನೊಂದು ಪತ್ರಿಕೆಗಳ ತಪ್ಪಿನ ಮೂಲ ಇಷ್ಟೇ.

ಈ ತಪ್ಪಿನಿಂದ ಏನು ನಷ್ಟ? ಒಂದು ಅಂಕ ಹೋಗುತ್ತದೆ. ಅದು ಸಣ್ಣ ನಷ್ಟ. ಒಬ್ಬ ಕವಿಯೇ ಕಾಣೆಯಾಗುತ್ತಾನೆ. ಅದು ದೊಡ್ಡ ನಷ್ಟ. ನಾಗಚಂದ್ರನ ರಾಮಾಯಣವು ಜೈನ ಸಂಪ್ರದಾಯದ ರಾಮಕಥೆ. ಅದರಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣನು ಬರಿಯ ದುಷ್ಟನಲ್ಲ. ಗುಣವಂತನಾಗಿದ್ದು ಒಂದು ಚಪಲದಿಂದ ಕೆಟ್ಟವನು, ಕಡೆಗೆ ಮನಸ್ಸು ಕರಗಿದವನು. ಹೀಗೆ ಕಥೆಯನ್ನು ನಡೆಸಿದ ಕವಿಯ ಶ್ರಮವನ್ನೆಲ್ಲ ಒಯ್ದು ಪಂಪನ ಲೆಕ್ಕಕ್ಕೆ ಬರೆದರೆ ಅದು ನ್ಯಾಯವೇ? ಪಂಪನಿಗೆ ಅದು ಬೇಕಾಗಿಯೂ ಇಲ್ಲ.

ಎರಡನೆಯ ಉದಾಹರಣೆ ನಾಗವರ್ಮ. ಛಂದಸ್ಸಿನ ಪಾಠದಲ್ಲಿ ‘ಛಂದೋಂಬುಧಿ’ಯ ಹೆಸರನ್ನೂ ವ್ಯಾಕರಣದ ಪಾಠದಲ್ಲಿ ‘ಕರ್ಣಾಟಕ ಭಾಷಾಭೂಷಣ’ದ ಹೆಸರನ್ನೂ ಕೇಳಿದ್ದೀರಿ. ಎರಡಕ್ಕೂ ಕರ್ತೃ ನಾಗವರ್ಮ. ಹಿಂದೆ ವಿದ್ವಾಂಸರೂ ಇವನನ್ನು ಒಬ್ಬನೇ ಎಂದು ಎಣಿಸಿದ್ದುಂಟು. ಬಳಿಕ ಗ್ರಂಥಗಳನ್ನು ಎದುರೆದುರು ಇಟ್ಟು ಪರಿಶೀಲಿಸಿದಾಗ ಇಬ್ಬರೆಂಬುದು ಸ್ಪಷ್ಟವಾಯಿತು. ಒಂದನೆಯ ನಾಗವರ್ಮನು ಹತ್ತನೆಯ ಶತಮಾನದ ಕೊನೆಯವನು. ಗಂಗರ ರಕ್ಕಸಗಂಗನು ಅವನಿಗೆ ಆಶ್ರಯದಾತ. ಛಂದೋಂಬುಧಿಯಲ್ಲಿ ವೃತ್ತಗಳ ಲಕ್ಷಣವನ್ನು ತನ್ನ ಹೆಂಡತಿಗೆ ಹೇಳಿಕೊಡುವಂತೆ ಹೇಳಿದ್ದಾನೆ. ಬಾಣನ ಸಂಸ್ಕೃತ ಕಾದಂಬರಿಯನ್ನು ಕನ್ನಡಕ್ಕೆ ತಂದವನೂ ಅವನೇ. ಎರಡನೆಯ ನಾಗವರ್ಮನು ಹನ್ನೆರಡನೆಯ ಶತಮಾನದವನೆಂದು ಹಲವು ವಿದ್ವಾಂಸರ ಅಭಿಪ್ರಾಯ. ಚಾಳುಕ್ಯ ಜಗದೇಕಮಲ್ಲನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದವನು. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ವಸ್ತುಕೋಶ, ಇವು ಅವನವು. ಹಾಗೆಣಿಸಿದರೆ ಇವರಿಬ್ಬರ ನಡುವೆ ಸುಮಾರು ಒಂದೂವರೆ ಶತಮಾನದ ಅಂತರವಿದೆ.

ವಿದ್ವಾಂಸರು ಇವರನ್ನು ಬೇರ್ಪಡಿಸಿದ ಬಗೆಯನ್ನು ಗಮನಿಸಿದರೆ ನಮಗೆ ನಾಲ್ಕು ಪ್ರಶ್ನೆಗಳು ದೊರೆಯುತ್ತವೆ. ಇವನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ.

1. ಯಾವ ಕಾಲದವರು?
2. ಯಾವ ಊರಿನವರು, ಯಾರ ಆಶ್ರಯದಲ್ಲಿದ್ದರು?
3. ಯಾರ ಮಕ್ಕಳು, ಯಾವ ವಂಶದವರು?
4. ಏನು ಮಾಡಿದರು, ಯಾವ ಬಗೆಯ ಭಾಷೆಯಲ್ಲಿ ಬರೆದರು?

ನಾಲ್ಕಕ್ಕೂ ಒಂದೇ ಉತ್ತರ ಬಂದರೆ ಒಬ್ಬರೆಂದು ತಿಳಿಯಬಹುದು. ಒಂದಾದರೂ ಹೊಂದದಿದ್ದರೆ ನಿಂತು ಯೋಚಿಸಬೇಕು.

ಈಗ ಈ ಪ್ರಶ್ನೆಗಳನ್ನು ನಮ್ಮ ನೆಲದ ಮೇಲೆಯೇ ಪ್ರಯೋಗಿಸಿ ನೋಡೋಣ. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ 1997ರಲ್ಲಿ ನಾಮಕ್ಕಲ್ಲೂ ಬೇರೆ ಜಿಲ್ಲೆಗಳಾದವು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹಿಂದೆ ಇವೆಲ್ಲವೂ ಒಂದೇ ಸೇಲಂ ಸೀಮೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ಆಳಿದವರು ಅದಿಯಮಾನರು. ಧರ್ಮಪುರಿಯಿಂದ ಸೇಲಮ್ಮಿಗೆ ಹೋಗುವಾಗ ಸಿಗುವ ಅದಿಯಮಾನ್‌ಕೋಟೆಯನ್ನು ನಿಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ.

‘ಅದಿಯಮಾನ್ ಯಾರು?’ ಎಂದು ಕೇಳಿದರೆ ‘ಅವ್ವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟ ರಾಜ’ ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ಆತ ನೆಡುಮಾನ್ ಅಂಜಿ, ಸಂಗಂ ಕಾಲದವನು, ಸುಮಾರು 2000 ವರ್ಷದ ಹಿಂದಿನವನು. ತಿರುಕ್ಕೋವಿಲೂರು ಬಳಿಯ ಜಂಬೈ ಎಂಬಲ್ಲಿ 1981ರಲ್ಲಿ ದೊರೆತ ತಮಿಳು ಬ್ರಾಹ್ಮೀ ಶಾಸನವೊಂದರಲ್ಲಿ ಈ ಹೆಸರಿದೆ. ಅದರ ಜೊತೆಗೆ ‘ಸತಿಯಪುತೋ’ ಎಂಬ ವಂಶದ ಹೆಸರೂ ಇದೆ. ಅಶೋಕನ ಶಾಸನದಲ್ಲಿ ಚೋಳ, ಪಾಂಡ್ಯರೊಡನೆ ಹೇಳಿರುವ ಸತಿಯಪುತ್ರರು ಯಾರೆಂಬ ಬಹುಕಾಲದ ಪ್ರಶ್ನೆಗೆ ಈ ಒಂದು ಸಾಲು ದಾರಿ ತೋರಿಸಿತು.

ನಾಮಕ್ಕಲ್ಲಿನ ಬೆಟ್ಟದಲ್ಲಿ ಕೊರೆದಿರುವ ರಂಗನಾಥನ ಗುಹಾಲಯದ ಹೆಸರು ಶಾಸನದಲ್ಲಿ ‘ಅದಿಯೇಂದ್ರ ವಿಷ್ಣುಗೃಹ’ ಎಂದಿದೆ. ಅದನ್ನು ಮಾಡಿಸಿದವನು ಅದಿಯ ವಂಶದ ಗುಣಶೀಲ. ಕಾಲ ಎಂಟನೆಯ ಶತಮಾನ. ಇನ್ನೊಬ್ಬ ಅದಿಯಮನು ಕನ್ನಡ ನಾಡಿನ ಇತಿಹಾಸದಲ್ಲಿಯೇ ಬರುತ್ತಾನೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1116ರ ಸುಮಾರಿಗೆ ತಲಕಾಡನ್ನು ಗೆದ್ದಾಗ ಅಲ್ಲಿ ಚೋಳರ ಸಾಮಂತನಾಗಿದ್ದವನು ಈ ಅದಿಯಮ. ಆ ಜಯದಿಂದಲೇ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಬಂದಿತು. ಹೀಗೆ ಅದಿಯಮಾನ್ ಎಂಬುದು ಒಬ್ಬನ ಹೆಸರಲ್ಲ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದ ಒಂದು ವಂಶದ ಹೆಸರು. ನೆಲ್ಲಿಕಾಯಿ ಕೊಟ್ಟವನೂ ಗಂಗರಾಜನಿಗೆ ಸೋತವನೂ ಒಬ್ಬನೇ ಎಂದರೆ ಮೊದಲನೆಯ ಪ್ರಶ್ನೆಯಲ್ಲಿಯೇ ಸಿಕ್ಕಿಬೀಳುತ್ತೇವೆ.

ಕಡೆಗೆ ಅವ್ವೈಯಾರ್. ಈ ಹೆಸರನ್ನು ಕನ್ನಡದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ‘ಅವ್ವ’ನೇ ತಮಿಳಿನ ‘ಅವ್ವೈ’. ‘ಆರ್’ ಎಂಬುದು ಗೌರವಸೂಚಕ. ಹಿರಿಯ ತಾಯಿ, ಪೂಜ್ಯಳಾದ ಅವ್ವ ಎಂದು ಅರ್ಥ. ಹಾಗಾದರೆ ಇದು ಹುಟ್ಟಿದಾಗ ಇಟ್ಟ ಹೆಸರಿಗಿಂತ ಜನರು ಪ್ರೀತಿಯಿಂದ ಕರೆದ ಹೆಸರೆಂದೇ ತೋರುತ್ತದೆ. ಇಂತಹ ಹೆಸರು ಒಬ್ಬರಿಗಿಂತ ಹೆಚ್ಚು ಮಂದಿಗೆ ಬಂದರೆ ಆಶ್ಚರ್ಯವಿಲ್ಲ.

ಮೊದಲನೆಯ ಅವ್ವೈಯಾರ್ ಸಂಗಂ ಕಾಲದವರು. ಅವರ 59 ಪದ್ಯಗಳು ಸಂಗಂ ಸಂಕಲನಗಳಲ್ಲಿ ಉಳಿದಿವೆ. ತಿಂದವರಿಗೆ ದೀರ್ಘಾಯುಷ್ಯ ಕೊಡುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ನೆಡುಮಾನ್ ಅಂಜಿ ಕೊಟ್ಟದ್ದು ಇವರಿಗೆ. ಅವನ ಪರವಾಗಿ ಕಂಚಿಯ ತೊಂಡೈಮಾನನ ಬಳಿಗೆ ರಾಯಭಾರಕ್ಕೆ ಹೋದವರೂ ಇವರೇ. ತೊಂಡೈಮಾನನು ತನ್ನ ಆಯುಧಶಾಲೆಯನ್ನು ಹೆಮ್ಮೆಯಿಂದ ತೋರಿಸಿದನಂತೆ. ಇವರು, ನಿನ್ನ ಆಯುಧಗಳು ತುಪ್ಪ ಸವರಿಸಿಕೊಂಡು ಹೂಮಾಲೆ ಮುಡಿದು ಒಳಗೆ ಕುಳಿತಿವೆ, ನಮ್ಮ ಅರಸನವು ತುದಿ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿ ಬಿದ್ದಿವೆ ಎಂಬ ಭಾವದ ಪದ್ಯವನ್ನು ಹೇಳಿದರು. ಹೊಗಳಿದಂತೆಯೂ ಆಯಿತು, ಯುದ್ಧದಲ್ಲಿ ಪಳಗಿದವರು ಯಾರೆಂದು ತಿಳಿಸಿದಂತೆಯೂ ಆಯಿತು. ಅಂಜಿ ಸತ್ತಾಗ ಇವರು ಹಾಡಿದ ಶೋಕದ ಪದ್ಯಗಳೂ ಉಳಿದಿವೆ.

ಆತ್ತಿಚೂಡಿ, ಕೊನ್ರೈ ವೇಂದನ್, ಮೂದುರೈ, ನಲ್ವಳಿ ಇವುಗಳನ್ನು ಬರೆದ ಅವ್ವೈಯಾರ್ ಬೇರೆ. ಇವರು ಚೋಳರ ಕಾಲದವರು, ಹನ್ನೆರಡನೆಯ ಶತಮಾನದ ಸುಮಾರಿನವರು. ಆತ್ತಿಚೂಡಿಯು ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಸಣ್ಣ ಸಾಲಿನ ನೀತಿ. ಅಕ್ಷರ ಕಲಿಯುವ ಮಗುವಿನ ಬಾಯಿಗೆ ಅಳತೆ ಮಾಡಿ ಕೊಟ್ಟ ತುತ್ತು. ಇಲ್ಲಿ ರಾಜನೂ ಇಲ್ಲ, ರಣರಂಗವೂ ಇಲ್ಲ. ಮೂದುರೈಯ ಮತ್ತು ನಲ್ವಳಿಯ ಆರಂಭದಲ್ಲಿ ವಿನಾಯಕನ ಸ್ತುತಿ ಇದೆ. ಸಂಗಂ ಪದ್ಯಗಳಲ್ಲಿ ವಿನಾಯಕನ ಹೆಸರೇ ಬರುವುದಿಲ್ಲ. ಭಾಷೆ ಬೇರೆ, ಛಂದಸ್ಸು ಬೇರೆ, ಕಾಲ ಬೇರೆ. ಇವರಿಬ್ಬರಲ್ಲದೆ ಈ ಹೆಸರಿನವರು ಇನ್ನೂ ಇದ್ದರೆಂದು ವಿದ್ವಾಂಸರು ಹೇಳುತ್ತಾರೆ.

ಆದರೂ ಜನರ ಮನಸ್ಸಿನಲ್ಲಿ ಅವ್ವೈಯಾರ್ ಒಬ್ಬರೇ: ಬೆನ್ನು ಬಾಗಿದ, ಕೋಲೂರಿಕೊಂಡು ಊರೂರು ತಿರುಗುವ ಅಜ್ಜಿ. ಚೆನ್ನೈನ ಮರೀನಾ ದಂಡೆಯಲ್ಲಿ 1968ರಲ್ಲಿ ನಿಲ್ಲಿಸಿದ ಪ್ರತಿಮೆಯೂ ಒಂದೇ. ಸಾವಿರ ವರ್ಷದ ಅಂತರವನ್ನು ಜನರು ಹೇಗೆ ತುಂಬಿಕೊಂಡರು? ನೆಲ್ಲಿಕಾಯಿಯನ್ನು ತಿಂದದ್ದರಿಂದ ಅಷ್ಟು ಕಾಲ ಬದುಕಿದರೆಂದು ಹೇಳಿಕೊಂಡರು! ಕಥೆ ಚೆನ್ನಾಗಿದೆ, ನಾವೂ ಅದನ್ನು ಸಂತೋಷದಿಂದ ಕೇಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿರಿ. ರಾಜಸಭೆಯಲ್ಲಿ ನಿಂತು ಅಂಜದೆ ಮಾತನಾಡಿದ ಒಬ್ಬ ಕವಯಿತ್ರಿ, ಮಕ್ಕಳಿಗೆ ನೀತಿಯನ್ನು ಬರೆದುಕೊಟ್ಟ ಇನ್ನೊಬ್ಬ ಕವಯಿತ್ರಿ, ಹೀಗೆ ಇಬ್ಬರು ನಮಗಿದ್ದಾರೆ. ಹಳೆಯ ಕಾಲದಲ್ಲಿ ಹೆಸರು ಉಳಿದಿರುವ ಹೆಣ್ಣುಮಕ್ಕಳೇ ಕಡಿಮೆ. ಇರುವ ಇಬ್ಬರನ್ನು ಕೂಡಿಸಿ ಒಬ್ಬರನ್ನಾಗಿ ಮಾಡಿದರೆ ನಾವೇ ಬಡವರಾಗುತ್ತೇವೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ನೆನಪಿಡಬೇಕು.

‘ಇದೆಲ್ಲ ಸತ್ತವರ ವಿಷಯ, ನಮಗೇನು?’ ಎಂದು ಕೆಲವರು ಕೇಳಬಹುದು. ಆದುದರಿಂದ ನಮ್ಮದೇ ಒಂದು ತಪ್ಪನ್ನು ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ತಂದೆಯರ ಹೆಸರೂ ಒಂದೇ ಅಕ್ಷರದಿಂದ ಆರಂಭವಾಗುತ್ತಿದ್ದುದರಿಂದ ಇನಿಷಿಯಲ್ ಕೂಡ ಒಂದೇ. ಪಟ್ಟಿಯನ್ನು ನಕಲು ಮಾಡುವಾಗ ಒಬ್ಬಳ ಜನ್ಮದಿನಾಂಕವನ್ನು ಇನ್ನೊಬ್ಬಳ ಹೆಸರಿನ ಮುಂದೆ ಬರೆದುಬಿಟ್ಟೆವು. ಎರಡು ವರ್ಷದ ಮೇಲೆ ಆ ಹುಡುಗಿ ಮೇಲಿನ ಓದಿಗೆ ಅರ್ಜಿ ಹಾಕಿದಾಗ ತಪ್ಪು ಹೊರಬಿದ್ದಿತು. ಕೂಲಿ ಮಾಡುವ ತಂದೆ ಕೆಲಸ ಬಿಟ್ಟು ಕಚೇರಿಗಳಿಗೆ ಅಲೆದರು. ತಿದ್ದುಪಡಿ ಬರುವಷ್ಟರಲ್ಲಿ ಅರ್ಜಿಯ ದಿನ ಮುಗಿದು ಆಕೆಗೆ ಒಂದು ವರ್ಷ ಹೋಯಿತು. ಆ ತಂದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. “ಹೆಸರು ಒಂದೇ ಆದರೆ ಹಿಂಗೇ ಸಾರ್” ಎಂದರು. ಅವರು ಹಾಗೆ ಅಂದದ್ದು ದೊಡ್ಡತನ; ಆದರೆ ಹೆಸರಿನ ಮೇಲೆ ತಪ್ಪು ಹೊರಿಸುವುದು ನಮಗೆ ಸಲ್ಲದು. ಬರೆಯುವ ಮೊದಲು ಮೂರನೆಯ ಪ್ರಶ್ನೆಯನ್ನು, ಅಂದರೆ ‘ಯಾರ ಮಗಳು?’ ಎಂಬುದನ್ನು, ಕೇಳದೆ ಹೋದವರು ನಾವು. ಅಂದಿನಿಂದ ಒಂದೇ ಹೆಸರು ಎರಡು ಬಾರಿ ಬಂದಲ್ಲೆಲ್ಲ ನಮ್ಮ ಲೇಖನಿ ತಾನಾಗಿ ನಿಲ್ಲುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳನ್ನು ಕಳುಹಿಸುವ ಮೊದಲು ನಿಮ್ಮ ಮಕ್ಕಳ ಹೆಸರು, ಇನಿಷಿಯಲ್, ತಂದೆ ತಾಯಿಯರ ಹೆಸರು, ಜನ್ಮದಿನಾಂಕ ಇವನ್ನು ಶಾಲೆಗೆ ಬಂದು ಕಣ್ಣಾರೆ ನೋಡಿರಿ. ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಕಾಗುಣಿತ ಒಂದೇ ರೀತಿ ಇದೆಯೇ ಎಂದು ಪರೀಕ್ಷಿಸಿರಿ. ಓದು ಬಾರದವರು ಸಂಕೋಚಪಡಬೇಕಾಗಿಲ್ಲ. ನಾವು ಓದಿ ಹೇಳುತ್ತೇವೆ.

ವಿದ್ಯಾರ್ಥಿಗಳೇ, ಹೆಸರು ಹಿರಿಯರು ಕೊಟ್ಟದ್ದು. ಅದೇ ಹೆಸರು ನಿಮಗಿಂತ ಮೊದಲು ನೂರು ಜನಕ್ಕೆ ಇದ್ದಿರಬಹುದು, ನಿಮ್ಮ ನಂತರವೂ ಇರಬಹುದು. ನಾಲ್ಕನೆಯ ಪ್ರಶ್ನೆಗೆ, ‘ಏನು ಮಾಡಿದರು?’ ಎಂಬುದಕ್ಕೆ, ಉತ್ತರವನ್ನು ಮಾತ್ರ ನೀವೇ ಬರೆಯಬೇಕು. ನಾಗವರ್ಮರಿಬ್ಬರನ್ನೂ ಅವ್ವೈಯಾರ್ ಇಬ್ಬರನ್ನೂ ನಾವು ಇಂದು ಬೇರೆಬೇರೆಯಾಗಿ ಗುರುತಿಸುತ್ತಿರುವುದು ಅವರು ಮಾಡಿಟ್ಟ ಕೆಲಸದಿಂದಲೇ.

ಅಭ್ಯಾಸ

1. ಪಂಪ ಭಾರತ, ಪಂಪ ರಾಮಾಯಣ ಇವುಗಳ ಕರ್ತೃಗಳಾರು? ಅವುಗಳ ಇನ್ನೊಂದು ಹೆಸರೇನು?
2. ಇಬ್ಬರು ನಾಗವರ್ಮರ ಕಾಲ, ಆಶ್ರಯ, ಕೃತಿಗಳನ್ನು ಪಟ್ಟಿ ಮಾಡಿರಿ.
3. ಆತ್ತಿಚೂಡಿಯನ್ನು ಬರೆದವರು ಅದಿಯಮಾನನ ಕಾಲದ ಅವ್ವೈಯಾರ್ ಅಲ್ಲವೆಂದು ಹೇಗೆ ತಿಳಿಯುತ್ತದೆ?
4. ನಿಮ್ಮ ಊರಿನಲ್ಲಿ ನಿಮ್ಮ ಹೆಸರೇ ಇರುವ ಹಿರಿಯರೊಬ್ಬರನ್ನು ಕಂಡು, ಅವರಿಗೆ ಆ ಹೆಸರು ಬಂದದ್ದು ಹೇಗೆ, ಅವರು ಮಾಡಿದ ಕೆಲಸವೇನು ಎಂಬುದನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.