ಒಂದು ಸರ್ವರ್ ನಿಂತರೆ ಎಲ್ಲವೂ ನಿಲ್ಲಬೇಕೆ?

ಹಲವು ಯಂತ್ರಗಳಲ್ಲಿ ಹಂಚಿಹೋದ ತಂತ್ರಾಂಶದಲ್ಲಿ ಒಂದು ಘಟಕದ ಕೆಲಸ ಇನ್ನೊಂದರ ಉತ್ತರಕ್ಕೆ ಕಾದು ನಿಲ್ಲುವುದನ್ನು ಅವಲಂಬನೆ ಎನ್ನುತ್ತಾರೆ. ರಾಜ್ಯದ ಭೂದಾಖಲೆ ವ್ಯವಸ್ಥೆಯೇ ಇದಕ್ಕೆ ಹತ್ತಿರದ ಉದಾಹರಣೆ. ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಲ್ಲಿ ಸರ್ವೆ ನಂಬರಿನ ಒಂದು ತುಂಡು ಮಾರಾಟವಾಗಬೇಕಾದರೆ ಭೂಮಾಪನದ ತಂತ್ರಾಂಶ ‘ಮೋಜಿಣಿ’ಯಲ್ಲಿ ಆ ತುಂಡಿನ ಅಳತೆ ತೋರಿಸುವ 11ಇ ನಕ್ಷೆ, ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ನೋಂದಣಿ, ಕೊನೆಗೆ ಪಹಣಿಗಳನ್ನು ನಿರ್ವಹಿಸುವ ‘ಭೂಮಿ’ಯಲ್ಲಿ ಹಕ್ಕು ಬದಲಾವಣೆ ಆಗಬೇಕು. ಪಹಣಿಯಲ್ಲಿ ಹೊಸ ಹೆಸರು ಕೂರುವುದು ಆಮೇಲೆ. ಭೂಮಿ ಮೊದಲು 177 ತಾಲ್ಲೂಕು ಕಚೇರಿಗಳಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿತ್ತು. ಒಂದು ಕಡೆ ಕೆಟ್ಟರೆ ಆ ತಾಲ್ಲೂಕಿಗಷ್ಟೇ ತೊಂದರೆ. ದತ್ತಾಂಶ ಒಂದೆಡೆ ಸೇರಿದಾಗ ನಿರ್ವಹಣೆ ಹಗುರ, ಆದರೆ ‘ಸರ್ವರ್ ಡೌನ್’ ಎಂಬ ಮಾತು ರಾಜ್ಯಕ್ಕೆಲ್ಲ ಒಟ್ಟಿಗೇ ಕೇಳಿಸಬಹುದು.

ಪೂರ್ತಿ ಸತ್ತ ಘಟಕಕ್ಕಿಂತ ನಿಧಾನವಾದದ್ದೇ ಹೆಚ್ಚು ಅಪಾಯಕಾರಿ. ಒಂದು ಸೇವೆಗೆ ಐವತ್ತು ಡೇಟಾಬೇಸ್ ಸಂಪರ್ಕಗಳಿವೆ ಎಂದುಕೊಂಡರೆ, ನಕ್ಷೆಯ ಉತ್ತರಕ್ಕಾಗಿ ಐವತ್ತೂ ಕಾದು ಕೂತಾಗ ನಕ್ಷೆಯೇ ಬೇಡದ ಪಹಣಿ ಅರ್ಜಿಗೂ ಜಾಗವಿರುವುದಿಲ್ಲ. ಆದ್ದರಿಂದ ಪ್ರತಿ ಕರೆಗೂ ಕಾಯುವ ಗಡುವು ಬೇಕು; ಪ್ರತಿ ಅವಲಂಬನೆಗೂ ಸಂಪರ್ಕಗಳ ಪಾಲನ್ನು ಬೇರೆಯಾಗಿಯೇ ಮೀಸಲಿಡಬೇಕು. ಸತತ ಸೋತ ಘಟಕಕ್ಕೆ ಸ್ವಲ್ಪ ಹೊತ್ತು ಕರೆ ನಿಲ್ಲಿಸಿ, ಮರುಪ್ರಯತ್ನಗಳ ನಡುವಿನ ಅಂತರ ಹೆಚ್ಚಿಸುತ್ತ ಹೋಗಬೇಕು. ಎಲ್ಲರೂ ಒಮ್ಮೆಲೇ ಬಾಗಿಲು ಬಡಿದರೆ ಆಗತಾನೇ ಎದ್ದ ಸರ್ವರ್ ಮತ್ತೆ ಮಲಗುತ್ತದೆ.

ಕಾವೇರಿಯಿಂದ ಭೂಮಿಗೆ ಹೋಗುವ ನೋಂದಣಿಯ ಸಂದೇಶ ಸರತಿಯಲ್ಲಿ ಉಳಿದು ತಡವಾಗಿ ತಲುಪಿದರೂ ನಡೆಯುತ್ತದೆ. ಎರಡು ಬಾರಿ ತಲುಪಿದರೆ ಮಾತ್ರ ಒಂದೇ ಜಮೀನಿಗೆ ಎರಡು ಬದಲಾವಣೆ ಹುಟ್ಟಬಾರದು. ಪ್ರತಿ ವ್ಯವಹಾರಕ್ಕೂ ಬದಲಾಗದ ಒಂದು ಸಂಖ್ಯೆ ಇರುವುದು ಇದಕ್ಕಾಗಿಯೇ. ಘಟಕವೊಂದರ ಹೊಸ ಆವೃತ್ತಿ ಬಂದಾಗ, ಉಳಿದವು ಅದಕ್ಕೆ ಹೊಂದಿಕೊಳ್ಳುವವರೆಗೆ ಹಳೆಯ ಕರೆಗಳಿಗೂ ಅದು ಉತ್ತರಿಸುತ್ತಿರಬೇಕು.