ಹುಡುಗರ ಜಗಳ ಮತ್ತು ಭಾರತಕಥೆ

ಕಳೆದ ಬೇಸಗೆಯ ರಜೆಯಲ್ಲಿ ಊರ ಜಾತ್ರೆಗೆ ಹೋಗಿದ್ದಾಗ ಪ್ರಾಥಮಿಕ ಶಾಲೆಯಲ್ಲಿ ನನ್ನೊಡನೆ ಓದಿದ್ದವನೊಬ್ಬನು ಸಿಕ್ಕಿದನು. ಅದೂ ಇದೂ ಮಾತನಾಡುತ್ತ, "ನನ್ನ ಬುತ್ತಿ ಗಂಟನ್ನ ಹುಣಸೆಮರಕ್ಕೆ ಕಟ್ಟಿ ಎಲ್ಲರನ್ನೂ ಕರೆದು ತೋರಿಸಿದ್ದೆಯಲ್ಲೋ, ನೆನಪಿದೆಯಾ?" ಎಂದು ಕೇಳಿದನು. ನನಗೆ ನೆನಪಿರಲಿಲ್ಲ. ಆತನಿಗೆ ಅದು ಯಾವ ವಾರವೆಂಬುದೂ ನೆನಪಿತ್ತು. ನಗುತ್ತಲೇ ಕೇಳಿದನಾದರೂ ಆ ನಗೆ ಪೂರ್ತಿ ನಗೆಯಾಗಿರಲಿಲ್ಲ. ಮಹಾಭಾರತದ ಆದಿಪರ್ವವನ್ನು ನಾನು ಮತ್ತೆ ತೆರೆದು ನೋಡಿದುದು ಆ ದಿನದ ತರುವಾಯ.

ಭಾರತಯುದ್ಧದ ಕಾರಣವನ್ನು ಕೇಳಿದರೆ ನಾವೆಲ್ಲರೂ ದ್ಯೂತವನ್ನೋ ದ್ರೌಪದಿಯ ಮಾನಭಂಗವನ್ನೋ ಹೇಳುತ್ತೇವೆ. ಕವಿಯು ಅದಕ್ಕೂ ಬಹು ಹಿಂದೆ, ಹುಡುಗರ ಆಟದ ಬಯಲಿನಲ್ಲಿ, ಅದರ ಮೊಳಕೆಯನ್ನು ತೋರಿಸಿರುವನು. ಪಾಂಡುವು ತೀರಿಕೊಂಡ ಮೇಲೆ ಶತಶೃಂಗದ ಕಾಡಿನಿಂದ ಐವರು ಹುಡುಗರು ಹಸ್ತಿನಾವತಿಗೆ ಬರುತ್ತಾರೆ. ಅಲ್ಲಿ ಮೊದಲೇ ನೂರು ಮಂದಿ ಇದ್ದಾರೆ. ಹೊಸದಾಗಿ ಶಾಲೆಗೆ ಸೇರಿದವನು ಮೊದಲ ದಿನವೇ ಎಲ್ಲ ಆಟಗಳಲ್ಲಿಯೂ ಗೆದ್ದರೆ ಏನಾಗುವುದೆಂಬುದನ್ನು ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಓಟದಲ್ಲಿ, ಗುರಿಯನ್ನು ಮೊದಲು ಮುಟ್ಟುವುದರಲ್ಲಿ, ಊಟದಲ್ಲಿ, ಮಣ್ಣೆರಚುವುದರಲ್ಲಿ ಕೂಡ ಭೀಮನೇ ಮುಂದು. ಅಷ್ಟಕ್ಕೇ ನಿಲ್ಲದೆ ಆತನು ಕೌರವರ ಜುಟ್ಟು ಹಿಡಿದು ಎಳೆಯುತ್ತಾನೆ. ಹತ್ತು ಮಂದಿಯನ್ನು ಒಮ್ಮೆಗೇ ತಬ್ಬಿ ನೀರಿನಲ್ಲಿ ಮುಳುಗಿಸುತ್ತಾನೆ. ಅವರು ಹಣ್ಣು ಕೀಳಲು ಮರ ಹತ್ತಿದರೆ ಮರವನ್ನು ಒದೆದು ಅಲುಗಿಸಿ, ಹಣ್ಣುಗಳೊಡನೆ ಅವರನ್ನೂ ಉದುರಿಸುತ್ತಾನೆ. ನಮ್ಮ ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದಲ್ಲಿಯೂ ಈ ಬಾಲಕಲಹವು ಬಂದಿದೆ.

ಇಲ್ಲಿ ವ್ಯಾಸರು ಹೇಳುವ ಮಾತೊಂದು ಸೂಕ್ಷ್ಮವಾದುದು. ಭೀಮನು ಇದನ್ನೆಲ್ಲ ಹುಡುಗತನದಿಂದ ಮಾಡಿದನೇ ಹೊರತು ದ್ರೋಹಬುದ್ಧಿಯಿಂದಲ್ಲ ಎನ್ನುತ್ತಾರೆ. ಭೀಮನನ್ನು ದೋಷಮುಕ್ತನನ್ನಾಗಿಸಲು ಹೇಳಿದ ಮಾತಿದೆಂದು ಮೊದಲು ತಿಳಿದಿದ್ದೆನು. ಈಗ ಹಾಗೆ ತೋರುವುದಿಲ್ಲ. ದ್ವೇಷವಿಲ್ಲದೆ ಹೊಡೆದವನು ಸಂಜೆಯ ಹೊತ್ತಿಗೆ ಅದನ್ನು ಮರೆಯುತ್ತಾನೆ. ಮರದಿಂದ ಬಿದ್ದವನು ಮರೆಯುವುದಿಲ್ಲ. ಆ ದ್ವೇಷವಿಲ್ಲದಿರುವಿಕೆಯೇ ಬಿದ್ದವನಿಗೆ ಹೆಚ್ಚಿನ ಅವಮಾನ: ತಾನು ಹಗೆಯೆನಿಸುವಷ್ಟೂ ದೊಡ್ಡವನಲ್ಲ, ಬರಿಯ ಆಟಿಕೆ! ದುರ್ಯೋಧನನು ಗಂಗೆಯ ದಡದಲ್ಲಿ ಭೀಮನಿಗೆ ವಿಷವಿಕ್ಕಿದುದನ್ನು ನಾನು ಸಮರ್ಥಿಸಲಾರೆ. ಅದು ಎಲ್ಲಿಂದ ಬಂದಿತೆಂಬುದು ಮಾತ್ರ ಅರ್ಥವಾಗುತ್ತದೆ.

ಬದುಕಿ ಬಂದ ಭೀಮನಿಗೆ ಧರ್ಮರಾಯನು ಹೇಳುವುದೇನು? ಸುಮ್ಮನಿರು, ಇದನ್ನು ಯಾರೊಡನೆಯೂ ಆಡಬೇಡ ಎಂದು. ಹಾಸ್ಟೆಲಿನ ಹುಡುಗರ ಕಟ್ಟಳೆಯೂ ಇದೇ ಅಲ್ಲವೇ? ಮೇಷ್ಟರಿಗೆ ಹೇಳಿದವನು ಚಾಡಿಕೋರ. ಹೀಗೆ ಭೀಷ್ಮರಂಥ ಹಿರಿಯರಿದ್ದ ಮನೆಯಲ್ಲಿ ಒಂದು ಕೊಲೆಯ ಪ್ರಯತ್ನವು ಮಕ್ಕಳ ಗುಟ್ಟಾಗಿ ಉಳಿಯಿತು.

ದ್ರೋಣ ದ್ರುಪದರ ಕಥೆಯೂ ಸಹಪಾಠಿಗಳ ಕಥೆಯೇ. ಭರದ್ವಾಜರ ಆಶ್ರಮದಲ್ಲಿ ಕೂಡಿ ಆಡಿ ಓದಿದವರು ಇವರು. ಬಡತನದಲ್ಲಿ ಬಂದ ದ್ರೋಣನಿಗೆ ಅರಸನಾದ ದ್ರುಪದನು, ಸರಿಸಮಾನರಲ್ಲಿ ಮಾತ್ರ ಗೆಳೆತನವೆಂದು ಹೇಳಿ ಕಳುಹಿಸಿದನು. ಆಡಿದವನಿಗೆ ಅದು ಒಂದು ದಿನದ ಮಾತು. ಕೇಳಿದವನು ಅದನ್ನು ವರ್ಷಗಟ್ಟಲೆ ಹೊತ್ತು, ಶಿಷ್ಯರಿಂದ ಅವನನ್ನು ಕಟ್ಟಿ ತರಿಸಿ, ಅರ್ಧರಾಜ್ಯವನ್ನು ಇಟ್ಟುಕೊಂಡು, ಈಗ ನಾವು ಸಮಾನರು, ಗೆಳೆಯರಾಗಬಹುದು ಎಂದನು. ಆಗಿನಿಂದ ಹೊರುವ ಸರದಿ ದ್ರುಪದನದು. ದ್ರೋಣನನ್ನು ಕೊಲ್ಲುವ ಮಗನಿಗಾಗಿ ಆತನು ಯಜ್ಞ ಮಾಡಿಸಿದನು. ಹಾಗೆ ಹುಟ್ಟಿದ ಧೃಷ್ಟದ್ಯುಮ್ನನಿಗೆ ಬಿಲ್ವಿದ್ಯೆ ಕಲಿಸಿದವನು ದ್ರೋಣನೇ ಎಂಬುದು ಓದಿದಷ್ಟು ಸಲವೂ ನನ್ನನ್ನು ತಡೆದು ನಿಲ್ಲಿಸುತ್ತದೆ.

ರನ್ನನ ಗದಾಯುದ್ಧಕ್ಕೆ ಬಂದರೆ, ಬಾಲ್ಯದ ನೆನಪು ದುರ್ಯೋಧನನ ಬಾಯಿಂದಲೇ ಬರುತ್ತದೆ. ರಣರಂಗದಲ್ಲಿ ದುಃಶಾಸನನ ಹೆಣವನ್ನು ಕಂಡು, ತಾಯ ಹಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ನಾನು ಮೊದಲು ನೀನು ಆಮೇಲೆ ಎಂಬ ಕ್ರಮವಿತ್ತು, ಸಾವಿನಲ್ಲಿ ಮಾತ್ರ ಅದನ್ನು ಮೀರಿದೆಯಲ್ಲಾ ಎಂದು ಅಳುತ್ತಾನೆ. ಮರದಿಂದ ಉದುರಿದ ಹುಡುಗರಲ್ಲಿ ಒಬ್ಬನು ಇವನು.

ಕಡೆಗೆ ಕೊಳದ ಬಳಿಯಲ್ಲಿ ಇದಿರಾದವರು ಆ ಹಳೆಯ ಇಬ್ಬರೇ. ಈಗ ಮರೆಯದವನು ಭೀಮ. ಇಬ್ಬರಿಗೂ ಗದಾವಿದ್ಯೆಯ ಗುರು ಬಲರಾಮನು. ತನ್ನ ಶಿಷ್ಯರ ಕಾಳಗವನ್ನು ನೋಡಲು ಆತನೂ ಬಂದಿದ್ದನು. ಭೀಮನು ತೊಡೆಗೆ ಹೊಡೆದಾಗ, ಸೊಂಟದಿಂದ ಕೆಳಗೆ ಹೊಡೆಯಬಾರದೆಂದು ಕೂಗುತ್ತ ಗುರುವು ನೇಗಿಲನ್ನೆತ್ತಿ ನುಗ್ಗಿದನು. ಕೃಷ್ಣನು ಹಿಡಿದು ನಿಲ್ಲಿಸಿದನು. ಆಟದ ನಿಯಮವನ್ನು ನೆನಪಿಸಿಕೊಟ್ಟ ಆ ಒಬ್ಬ ಮೇಷ್ಟರು ಸಮಾಧಾನವಾಗದೆ ರಥವೇರಿ ದ್ವಾರಕೆಗೆ ಹೊರಟುಹೋದನು.