ಎಂಗ್ಲುಂಡ್ ಆಟ ಆಡಬಹುದೇ?

ಚದುರಂಗದಲ್ಲಿ ಬಿಳಿಯವರು ಮಂತ್ರಿ ಮುಂದಿನ ಕಾಲಾಳನ್ನು ಡಿ4ಕ್ಕೆ ನಡೆಸಿದಾಗ, ಕರಿಯವರು ಇ5ಕ್ಕೆ ಒಂದು ಕಾಲಾಳನ್ನು ಬಲಿ ಕೊಡುವುದೇ ಎಂಗ್ಲುಂಡ್ ಆಟ. ಸ್ವೀಡನ್ ದೇಶದ ಆಟಗಾರರ ಹೆಸರು ಇದು. ಆಮೇಲೆ:

2. ಡಿ×ಇ5, ಕುದುರೆ ಸಿ6
3. ಕುದುರೆ ಎಫ್3, ಮಂತ್ರಿ ಇ7
4. ಒಂಟೆ ಎಫ್4, ಮಂತ್ರಿ ಬಿ4 ಚೆಕ್
5. ಒಂಟೆ ಡಿ2, ಮಂತ್ರಿ×ಬಿ2

ಈಗ ‘ಮಂತ್ರಿ ಸಿಕ್ತು’ ಅಂತ ಬಿಳಿಯವರು ಒಂಟೆಯನ್ನು ಸಿ3ಕ್ಕೆ ಇಟ್ಟರೋ, ಕೆಟ್ಟರು!

6. ಒಂಟೆ ಸಿ3, ಒಂಟೆ ಬಿ4
7. ಮಂತ್ರಿ ಡಿ2, ಒಂಟೆ×ಸಿ3
8. ಮಂತ್ರಿ×ಸಿ3, ಮಂತ್ರಿ ಸಿ1. ರಾಜ ಸತ್ತ.

ಹೀಗೆ ಮಾವನ ಮಗನನ್ನು ಜಗಲಿ ಮೇಲೆ ಮೂರು ಸಲ ಸೋಲಿಸಿದೆ. ನಾಲ್ಕನೇ ಸಲ ಅವನು 6ನೇ ನಡೆಗೆ ಒಂಟೆ ಮುಟ್ಟಲಿಲ್ಲ, ಕುದುರೆಯನ್ನು ಸಿ3ಕ್ಕೆ ತಂದ. ಆಮೇಲೆ ಅವನ ಆನೆ ಬಿ1ಕ್ಕೆ ಬಂತು. ನನ್ನ ಮಂತ್ರಿ ಓಡಾಡಿದ್ದೇ ಆಯಿತು, ಉಳಿದ ಕಾಯಿಗಳು ಏಳಲೇ ಇಲ್ಲ. ಸೋತೆ.

ಎದುರಿನವನಿಗೆ ಗೊತ್ತಿಲ್ಲದಿದ್ದರೆ ಮಾತ್ರ ಇದು ಚೆನ್ನ. ಹೋಬಳಿ ಪಂದ್ಯದಲ್ಲಿ ಕರಿ ಕಾಯಿ ಬಂದರೆ ನಾನು ಡಿ5 ಆಡುತ್ತೇನೆ.